ಸ್ತನ ತೆಗೆಸುವ ಮುನ್ನವೇ ಕೇಳಬೇಕಾದ ಮಾತು: ಉತ್ತರ ಕನ್ನಡದ ಮಹಿಳೆಯರಿಗೆ ಸ್ತನ ಪುನರ್ರಚನೆಯ ಮಾರ್ಗದರ್ಶಿ

ಸ್ತನ ಕ್ಯಾನ್ಸರಿನ ಕಾರಣಕ್ಕೆ ಇಡೀ ಸ್ತನವನ್ನೇ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಮನೆಮಂದಿಯ ಗಮನವೆಲ್ಲ ಜೀವ ಉಳಿಸಿಕೊಳ್ಳುವುದರ ಕಡೆಗೆ ಹೋಗುತ್ತದೆ. ಅದು ಸಹಜ, ಸರಿಯೂ ಹೌದು. ಆದರೂ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವ ಮೊದಲೇ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ತೆಗೆದ ಸ್ತನವನ್ನು ಮತ್ತೆ ರೂಪಿಸಿಕೊಡಲು ಸಾಧ್ಯವೇ, ಸಾಧ್ಯವಿದ್ದರೆ ಯಾವ ವಿಧಾನದಿಂದ, ಯಾವಾಗ? ಮೊದಲೇ ಕೇಳಿದವರಿಗೆ ದಾರಿಗಳು ಹೆಚ್ಚು. ಪುನರ್ರಚನೆ ಮಾಡುವುದೆಂದು ಮುಂಚೆಯೇ ನಿಶ್ಚಯವಾದರೆ, ಗಡ್ಡೆ ತೆಗೆಯುವ ಸರ್ಜನ್ ಸ್ತನದ ಮೇಲಿನ ಚರ್ಮವನ್ನು, ರೋಗ ತಟ್ಟಿರದಿದ್ದರೆ ಕೆಲವೊಮ್ಮೆ ಮೊಲೆತೊಟ್ಟನ್ನೂ, ಉಳಿಸುವಂತೆ ಕೊಯ್ಯುವ ಗೆರೆಯನ್ನು ಯೋಜಿಸಬಲ್ಲರು. ಆ ಚರ್ಮ ಒಮ್ಮೆ ಹೋಯಿತೆಂದರೆ ಬೆನ್ನಿನಿಂದಲೋ ಹೊಟ್ಟೆಯಿಂದಲೋ ಬೇರೆ ಚರ್ಮ ತರಬೇಕಾಗುತ್ತದೆ.

ಈ ಪ್ರಶ್ನೆ ಕೇಳುವುದಕ್ಕೆ ಸಂಕೋಚ ಪಡಬೇಕಾದ ಕಾರಣವಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯ 2010ರಲ್ಲಿ ಮಾಡಿದ ಕಾನೂನಿನ ಪ್ರಕಾರ ಸ್ತನ ತೆಗೆಯುವ ಮೊದಲು ಪುನರ್ರಚನೆಯ ಆಯ್ಕೆಗಳನ್ನು ರೋಗಿಗೆ ತಿಳಿಸುವುದು ಆಸ್ಪತ್ರೆಯ ಹೊಣೆ. ಬ್ರಿಟನ್ನಿನ 2018ರ ರಾಷ್ಟ್ರೀಯ ಮಾರ್ಗಸೂಚಿ, ರೇಡಿಯೇಷನ್ ಬೇಕಾಗಬಹುದಾದ ಮಹಿಳೆಯರಿಗೂ ಅದೇ ಶಸ್ತ್ರಚಿಕಿತ್ಸೆಯಲ್ಲಿ ಪುನರ್ರಚನೆ ಮಾಡಿಸಿಕೊಳ್ಳುವ ಆಯ್ಕೆಯನ್ನು ಮುಂದಿಡಬೇಕು, ಪುನರ್ರಚನೆಯೇ ಬೇಡವೆನ್ನುವ ಆಯ್ಕೆಯನ್ನೂ ಹೇಳಬೇಕು ಎನ್ನುತ್ತದೆ. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ನೀಡಿದ ತೀರ್ಪೊಂದು, ಒಪ್ಪಿಗೆ ಪಡೆಯುವ ಮೊದಲು ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಪರ್ಯಾಯಗಳನ್ನು ರೋಗಿಗೆ ತಿಳಿಸಬೇಕೆಂದು ಸ್ಪಷ್ಟಪಡಿಸಿದೆ. ಹೀಗಿದ್ದೂ ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಇಂಥದೊಂದು ಚಿಕಿತ್ಸೆ ಇದೆಯೆಂಬುದೇ ಗಾಯ ಮಾಗಿದ ಎಷ್ಟೋ ದಿನಗಳ ಮೇಲೆ ಗೊತ್ತಾಗುತ್ತದೆ. ಹಣದ ಅಡ್ಡಿ, ದೂರದ ಅಡ್ಡಿ ಎರಡೂ ನಿಜ; ಆದರೆ ಎಲ್ಲಕ್ಕಿಂತ ಮೊದಲ ಅಡ್ಡಿ ಈ ಮೌನವೇ ಎಂದು ನಾನು ನಂಬಿದ್ದೇನೆ.

ಎರಡು ಭಯಗಳನ್ನು ಇಲ್ಲಿಯೇ ಪರಿಹರಿಸಬೇಕು. ಪುನರ್ರಚನೆಯಿಂದ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆ ಹೆಚ್ಚುವುದಿಲ್ಲ, ಮರುಕಳಿಸಿದರೆ ಅದನ್ನು ಪತ್ತೆ ಮಾಡುವುದಕ್ಕೂ ಅದು ಅಡ್ಡಿಯಾಗುವುದಿಲ್ಲ. ಹಾಗೆಯೇ ಇದು ಮಾಡಿಸಿಕೊಳ್ಳಲೇಬೇಕಾದ ಚಿಕಿತ್ಸೆಯೂ ಅಲ್ಲ. ಎದೆಯನ್ನು ಸಮತಟ್ಟಾಗಿ, ಚರ್ಮದ ಮಡಿಕೆಗಳು ಉಳಿಯದಂತೆ ನೀಟಾಗಿ ಹೊಲಿದು ಮುಗಿಸುವುದನ್ನೇ ಬಯಸುವ ಮಹಿಳೆಯರಿದ್ದಾರೆ. ಅದೂ ಒಂದು ಪೂರ್ಣ ಆಯ್ಕೆ. ಯಾವುದನ್ನು ಆರಿಸಿಕೊಂಡರೂ ತಿಳಿದು ಆರಿಸಿಕೊಂಡದ್ದಾಗಿರಬೇಕು.

ಸ್ತನ ತೆಗೆಯುವುದು ಅನಿವಾರ್ಯವೇ?

ಪುನರ್ರಚನೆಯ ಮಾತಿಗಿಂತ ಮುಂಚೆ ಇದನ್ನು ಕೇಳಿ. ಇಟಲಿಯ ಮಿಲಾನ್‌ನಲ್ಲಿ ಮತ್ತು ಅಮೆರಿಕದಲ್ಲಿ ನಡೆದ ಎರಡು ದೊಡ್ಡ ಅಧ್ಯಯನಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆರಂಭದ ಹಂತದ ರೋಗದಲ್ಲಿ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ ಇಡೀ ಸ್ತನ ತೆಗೆಸಿಕೊಂಡವರೂ ಬದುಕುಳಿದ ಪ್ರಮಾಣ ಸಮಾನವಾಗಿತ್ತು. ಗಡ್ಡೆ ತೆಗೆದ ಜಾಗವನ್ನು ಪಕ್ಕದ ಅಂಗಾಂಶದಿಂದಲೇ ತುಂಬಿ ಸ್ತನದ ಆಕಾರ ಉಳಿಸುವ ಆಂಕೋಪ್ಲಾಸ್ಟಿ ವಿಧಾನ ಈಗ ನಮ್ಮ ದೇಶದಲ್ಲಿಯೂ ಬಳಕೆಯಲ್ಲಿದೆ, ಅದಕ್ಕೆ ಇಂಪ್ಲಾಂಟಿನ ಖರ್ಚಿಲ್ಲ. ಗಡ್ಡೆ ದೊಡ್ಡದಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸಿ, ನಂತರ ಸ್ತನ ಉಳಿಸಲು ಆಗುವುದೋ ನೋಡುವುದೂ ಉಂಟು.

ಘಟ್ಟದ ಮೇಲಿನ ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಗಳಿಂದ ಬರುವವರು ರೇಡಿಯೇಷನ್ನಿಗೆ ವಾರಗಟ್ಟಲೆ ಪರವೂರಿನಲ್ಲಿ ಇರಲಾರೆವೆಂಬ ಒಂದೇ ಕಾರಣಕ್ಕೆ ಇಡೀ ಸ್ತನ ತೆಗೆಸಲು ಒಪ್ಪಿಬಿಡುವುದುಂಟು. ಹಿಂದೆ ಐದಾರು ವಾರ ಹಿಡಿಯುತ್ತಿದ್ದ ರೇಡಿಯೇಷನ್ ಈಗ ಅನೇಕರಿಗೆ ಮೂರು ವಾರಗಳಲ್ಲಿ ಮುಗಿಯುತ್ತದೆ. ಬ್ರಿಟನ್ನಿನ ಅಧ್ಯಯನವೊಂದು 2020ರಲ್ಲಿ, ಆಯ್ದ ರೋಗಿಗಳಿಗೆ ಒಂದೇ ವಾರದ ಐದು ಡೋಸ್ ಕೂಡ ಸಾಕಾಗುತ್ತದೆಂದು ತೋರಿಸಿತು. ನಿಮಗೆ ಎಷ್ಟು ದಿನದ ರೇಡಿಯೇಷನ್ ಎಂಬುದನ್ನು ಕೇಳಿ ತಿಳಿದುಕೊಂಡ ಮೇಲೆಯೇ ನಿರ್ಧರಿಸಿ.

ವಿಧಾನಗಳು

ಮೊದಲನೆಯದು ಸಿಲಿಕೋನ್ ಇಂಪ್ಲಾಂಟ್. ಇದು 1962ರಿಂದ ಬಳಕೆಯಲ್ಲಿದೆ. ಚರ್ಮ ಸಾಕಷ್ಟು ಉಳಿದಿದ್ದರೆ ಸ್ತನ ತೆಗೆದಾಗಲೇ ಅದನ್ನು ಇಡಬಹುದು. ಇಲ್ಲವಾದರೆ ಎಕ್ಸ್‌ಪ್ಯಾಂಡರ್ ಎಂಬ ಖಾಲಿ ಚೀಲವನ್ನು ಒಳಗಿಟ್ಟು, ಒಂದೆರಡು ವಾರಕ್ಕೊಮ್ಮೆ ಸೂಜಿಯಿಂದ ಸಲೈನ್ ತುಂಬಿ ಚರ್ಮವನ್ನು ಹಿಗ್ಗಿಸಿ, ಕೆಲವು ತಿಂಗಳ ಮೇಲೆ ಇನ್ನೊಂದು ಶಸ್ತ್ರಚಿಕಿತ್ಸೆಯಲ್ಲಿ ಇಂಪ್ಲಾಂಟನ್ನು ಕೂರಿಸುತ್ತಾರೆ. ಶಸ್ತ್ರಚಿಕಿತ್ಸೆ ಚಿಕ್ಕದು, ದೇಹದ ಬೇರೆ ಕಡೆ ಗಾಯವಿಲ್ಲ, ಚೇತರಿಕೆಯೂ ಬೇಗ. ಆದರೆ ಇಂಪ್ಲಾಂಟ್ ಜೀವಮಾನವಿಡೀ ಬಾಳುವ ವಸ್ತುವಲ್ಲ, ಮುಂದೊಮ್ಮೆ ಬದಲಾಯಿಸಬೇಕಾಗಬಹುದು. ಸೋಂಕು ತಗುಲಿದರೆ ಹೊರತೆಗೆಯಬೇಕಾಗಬಹುದು. ರೇಡಿಯೇಷನ್ ಆದವರಲ್ಲಿ ಸುತ್ತಲಿನ ಪೊರೆ ಬಿಗಿದು ಸ್ತನ ಗಟ್ಟಿಯಾಗುವ, ನೋಯುವ ಸಂಭವ ಹೆಚ್ಚು.

ಎರಡನೆಯದು ಬೆನ್ನಿನ ಅಗಲವಾದ ಸ್ನಾಯುವನ್ನು ಅದರ ರಕ್ತನಾಳದ ಸಮೇತ ಕಂಕುಳ ಕೆಳಗಿನಿಂದ ಮುಂದಕ್ಕೆ ತಂದು ಎದೆಗೆ ಕೂರಿಸುವ ಎಲ್‌ಡಿ ಫ್ಲ್ಯಾಪ್. ಇಟಲಿಯ ತಾನ್ಸಿನಿ ಎಂಬ ಸರ್ಜನ್ 1906ರಲ್ಲಿಯೇ ಇದನ್ನು ವಿವರಿಸಿದ್ದರು. ರಕ್ತನಾಳ ಕತ್ತರಿಸಿ ಜೋಡಿಸಬೇಕಾಗಿಲ್ಲವಾದ್ದರಿಂದ ಮೈಕ್ರೋಸ್ಕೋಪ್ ಬೇಡ, ಶಸ್ತ್ರಚಿಕಿತ್ಸೆ ಬೇಗ ಮುಗಿಯುತ್ತದೆ, ನೆಚ್ಚಬಹುದಾದ ವಿಧಾನವೆಂಬ ಹೆಸರೂ ಇದಕ್ಕಿದೆ. ಬೆನ್ನಿನ ಗಾಯದಲ್ಲಿ ಕೆಲವು ವಾರ ನೀರು ತುಂಬಿಕೊಳ್ಳುವುದು ಸಾಮಾನ್ಯ; ಅದನ್ನು ಸಿರಿಂಜಿನಿಂದ ತೆಗೆಯುತ್ತಾರೆ. ಸ್ತನ ದೊಡ್ಡದಿರುವವರಿಗೆ ಈ ಸ್ನಾಯು ಒಂದೇ ಸಾಲದೆ ಜೊತೆಗೆ ಚಿಕ್ಕ ಇಂಪ್ಲಾಂಟ್ ಬೇಕಾಗಬಹುದು.

ಮೂರನೆಯದು ಕೆಳಹೊಟ್ಟೆಯ ಚರ್ಮ ಮತ್ತು ಕೊಬ್ಬು. 1982ರಲ್ಲಿ ಪ್ರಕಟವಾದ ಟ್ರಾಮ್ ವಿಧಾನದಲ್ಲಿ ಹೊಟ್ಟೆಯ ಸ್ನಾಯುವನ್ನೂ ಸೇರಿಸಿ ತೆಗೆಯುತ್ತಾರೆ. 1990ರ ದಶಕದಿಂದ ಹಬ್ಬಿದ ಡೀಪ್ ಫ್ಲ್ಯಾಪ್ ವಿಧಾನದಲ್ಲಿ ಸ್ನಾಯುವನ್ನು ಅಲ್ಲಿಯೇ ಬಿಟ್ಟು, ಕೊಬ್ಬಿನ ಭಾಗವನ್ನು ಸಣ್ಣ ರಕ್ತನಾಳಗಳೊಡನೆ ಬಿಡಿಸಿ, ಮೈಕ್ರೋಸ್ಕೋಪಿನಡಿ ಎದೆಯ ರಕ್ತನಾಳಕ್ಕೆ ಹೊಲಿಯುತ್ತಾರೆ. ಮೂರರಲ್ಲಿ ಹೆಚ್ಚು ಸ್ವಾಭಾವಿಕವಾಗಿ ಕಾಣುವುದು, ವಯಸ್ಸಿನೊಡನೆ ದೇಹದಂತೆಯೇ ಬದಲಾಗುವುದು ಇದೇ. ಆದರೆ ಶಸ್ತ್ರಚಿಕಿತ್ಸೆಗೆ ಹಲವು ಗಂಟೆ ಬೇಕು. ಮೊದಲ ಒಂದೆರಡು ದಿನ ಗಂಟೆ ಗಂಟೆಗೂ ರಕ್ತಸಂಚಾರ ಪರೀಕ್ಷಿಸುವ ನುರಿತ ದಾದಿಯರು, ರಕ್ತ ಹೆಪ್ಪುಗಟ್ಟಿದರೆ ನಡುರಾತ್ರಿಯಲ್ಲಿಯೂ ಮತ್ತೆ ಥಿಯೇಟರಿಗೆ ಒಯ್ಯಬಲ್ಲ ತಂಡ ಇರಬೇಕು. ನೂರರಲ್ಲಿ ಕೆಲವರಿಗೆ ಕೂರಿಸಿದ ಭಾಗ ಪೂರ್ತಿ ವಿಫಲವಾಗುವುದುಂಟು. ಸಿಸೇರಿಯನ್‌ನ ಅಡ್ಡ ಗಾಯ ಇದಕ್ಕೆ ಸಾಮಾನ್ಯವಾಗಿ ಅಡ್ಡಿಯಲ್ಲ. ಹೊಕ್ಕುಳಿಂದ ಕೆಳಕ್ಕೆ ಉದ್ದಗೆರೆಯ ಗಾಯವಿದ್ದರೆ ಸರ್ಜನ್‌ಗೆ ಮೊದಲೇ ತೋರಿಸಿ. ತೀರ ತೆಳ್ಳಗಿರುವವರಿಗೆ ಹೊಟ್ಟೆಯಲ್ಲಿ ಕೊಬ್ಬೇ ಸಾಲದೆ ಹೋಗಬಹುದು.

ಇತ್ತೀಚಿನ ಬೆಳವಣಿಗೆಗಳಲ್ಲಿ ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಕೆಳಗಿಡುವ ಬದಲು ಮೇಲಿಡುವುದು, ಅದನ್ನು ಜಾಲರಿಯಿಂದ ಸುತ್ತುವುದು, ಬಣ್ಣದ ಇಂಜೆಕ್ಷನ್ ಕೊಟ್ಟು ಚರ್ಮದ ರಕ್ತಸಂಚಾರವನ್ನು ಶಸ್ತ್ರಚಿಕಿತ್ಸೆಯ ನಡುವೆಯೇ ಕ್ಯಾಮೆರಾದಲ್ಲಿ ನೋಡುವುದು, ತೊಡೆ ಅಥವಾ ಹೊಟ್ಟೆಯ ಕೊಬ್ಬನ್ನು ಹೀರಿ ತಗ್ಗುಗಳನ್ನು ತುಂಬುವುದು ಸೇರಿವೆ. ಇವುಗಳಲ್ಲಿ ಕೊಬ್ಬು ತುಂಬುವ ವಿಧಾನ ಖರ್ಚಿಗೆ ತಕ್ಕ ಪ್ರಯೋಜನ ಕೊಡುತ್ತದೆ. ದುಬಾರಿ ಜಾಲರಿಗಳ ವಿಷಯದಲ್ಲಿ ನಿಮಗೇಕೆ ಅಗತ್ಯವೆಂದು ಬಿಡಿಸಿ ಕೇಳಿ. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟುಗಳು ಅಪರೂಪದ ಒಂದು ಬಗೆಯ ಲಿಂಫೋಮಾಕ್ಕೆ, ಎಂದರೆ ರೋಗನಿರೋಧಕ ಕಣಗಳ ಕ್ಯಾನ್ಸರಿಗೆ, ಕಾರಣವಾಗುವುದು ಕಂಡುಬಂದು, 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಕೋರಿಕೆಯ ಮೇರೆಗೆ ಒಂದು ಕಂಪನಿ ಅಂಥವನ್ನು ಹಿಂದಕ್ಕೆ ಪಡೆಯಿತು. ಇಂಪ್ಲಾಂಟ್ ಹಾಕಿಸಿಕೊಂಡರೆ ಅದರ ಕಂಪನಿ, ಬಗೆ, ಕ್ರಮಸಂಖ್ಯೆ ಇರುವ ಕಾರ್ಡನ್ನು ಆಸ್ಪತ್ರೆಯಿಂದ ಪಡೆದು ಜೋಪಾನ ಮಾಡಿ.

ಯಾವ ವಿಧಾನದಲ್ಲಾದರೂ ಹೊಸ ಸ್ತನಕ್ಕೆ ಮೊದಲಿನ ಸ್ಪರ್ಶಜ್ಞಾನ ಬರುವುದಿಲ್ಲ. ಮೊಲೆತೊಟ್ಟಿನ ರಚನೆ ಕೆಲವು ತಿಂಗಳ ನಂತರದ ಸಣ್ಣ ಕೆಲಸ. ಹಚ್ಚೆಯಿಂದಲೂ ಅದರ ರೂಪ ತರಬಹುದು.

ನಿಮ್ಮ ಕೆಲಸ ಮತ್ತು ನಿಮ್ಮ ದಾರಿಯನ್ನು ನೋಡಿ ಆರಿಸಿ

ಸರ್ಜನ್ ನಿಮ್ಮ ದೇಹವನ್ನು ಪರೀಕ್ಷಿಸುತ್ತಾರೆ. ನಿಮ್ಮ ದಿನದ ದುಡಿಮೆ ಏನೆಂಬುದು ನೀವಾಗಿ ಹೇಳಿದರಷ್ಟೇ ಅವರಿಗೆ ಗೊತ್ತಾಗುತ್ತದೆ. ಬೆನ್ನಿನ ಆ ಅಗಲ ಸ್ನಾಯು ತೋಳನ್ನು ಕೆಳಕ್ಕೆ, ಹಿಂದಕ್ಕೆ ಎಳೆಯುವ ಕೆಲಸದ್ದು: ಬಾವಿಯಿಂದ ನೀರು ಸೇದುವಾಗ, ದೋಣಿಗೆ ಹುಟ್ಟು ಹಾಕುವಾಗ, ಕಟ್ಟಿಗೆ ಒಡೆಯುವಾಗ ಅದಕ್ಕೇ ಭಾರ ಬೀಳುತ್ತದೆ. ಎಲ್‌ಡಿ ಫ್ಲ್ಯಾಪ್ ಆದವರಲ್ಲಿ ಹೆಚ್ಚಿನವರು ಅಡುಗೆ, ಬಟ್ಟೆ, ಅಡಿಕೆ ಸುಲಿಯುವುದು ಮುಂತಾದ ಕೆಲಸಗಳಿಗೆ ಮರಳುತ್ತಾರೆ. ಆದರೆ ದಿನಕ್ಕೆ ಹತ್ತಾರು ಕೊಡ ಸೇದುವ ಮನೆಯಾಗಿದ್ದರೆ ಮೋಟಾರಿನ ವ್ಯವಸ್ಥೆ ಮಾಡಿಕೊಂಡೇ ಆಸ್ಪತ್ರೆಗೆ ಹೊರಡುವುದು ಮೇಲು. ಹೊಟ್ಟೆಯ ವಿಧಾನದಲ್ಲಿ ಆರರಿಂದ ಎಂಟು ವಾರ ಭಾರ ಎತ್ತುವಂತಿಲ್ಲ. ಸೊಪ್ಪಿನ ಬೆಟ್ಟದಿಂದ ಹೊರೆ ತರುವವರು, ಮೀನಿನ ಬುಟ್ಟಿ ಎತ್ತಿ ತಲೆಯ ಮೇಲಿಡುವವರು ಅಷ್ಟು ದಿನದ ಸಂಪಾದನೆ ಬಿಡಬೇಕಾಗುತ್ತದೆ. ಸ್ನಾಯುವನ್ನೂ ತೆಗೆಯುವ ಟ್ರಾಮ್ ವಿಧಾನದಲ್ಲಿ ಮುಂದೆ ಹೊಟ್ಟೆ ಉಬ್ಬುವ, ಹರ್ನಿಯಾ ಆಗುವ ಸಂಭವ ಡೀಪ್‌ಗಿಂತ ಹೆಚ್ಚೆಂಬುದನ್ನು ಭಾರ ಹೊರುವ ಹೆಂಗಸರಿಗೆ ಸರ್ಜನ್ ಸ್ಪಷ್ಟವಾಗಿ ಹೇಳಲೇಬೇಕು.

ಇನ್ನು ದಾರಿ. ಎಕ್ಸ್‌ಪ್ಯಾಂಡರ್ ವಿಧಾನ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಹಗುರವೆನಿಸಿದರೂ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಬೇಕಾದ ವಿಧಾನ. ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಮಣಿಪಾಲದ ಕಡೆಗೆ ಒಂದೆರಡು ವಾರಕ್ಕೊಮ್ಮೆ ಪ್ರಯಾಣ ಮಾಡುವುದು ಬೇಸಿಗೆಯಲ್ಲಿ ಸಾಧ್ಯವಾದೀತು, ಮಳೆಗಾಲದಲ್ಲಿ ನೆಚ್ಚಲಾಗದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾದದ್ದನ್ನು ನಾವ್ಯಾರೂ ಮರೆತಿಲ್ಲ. ಆದ್ದರಿಂದ ನನ್ನ ಸಲಹೆ ಇದು: ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯನ್ನು ಮಳೆಗೋಸ್ಕರ ಒಂದು ದಿನವೂ ಮುಂದೂಡಬೇಡಿ, ಆದರೆ ಅದು ಜೂನ್‌ನಿಂದ ಆಗಸ್ಟ್ ನಡುವೆ ಬಿದ್ದರೆ, ಪದೇ ಪದೇ ಹೋಗಬೇಕಿಲ್ಲದ ವಿಧಾನ ಸಾಧ್ಯವೇ, ಇಲ್ಲವೇ ಪುನರ್ರಚನೆಯನ್ನಷ್ಟೇ ಮುಂದಕ್ಕೆ ಇಟ್ಟುಕೊಳ್ಳಬಹುದೇ ಎಂದು ಕೇಳಿ.

ಯಾವಾಗ ಮಾಡಿಸುವುದೆಂಬ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ರೇಡಿಯೇಷನ್ನಿನ ಮೇಲೆ ನಿಂತಿದೆ. ಅದು ಬೇಕಿಲ್ಲವೆಂದಾದರೆ ಸ್ತನ ತೆಗೆದಾಗಲೇ ಮಾಡಿಸುವುದು ಒಳ್ಳೆಯದು: ಚರ್ಮ ಉಳಿಯುತ್ತದೆ, ಒಂದು ಅರಿವಳಿಕೆ ತಪ್ಪುತ್ತದೆ, ಇನ್ನೊಮ್ಮೆ ಊರು ಬಿಟ್ಟು ಬರುವ ಖರ್ಚು ಉಳಿಯುತ್ತದೆ. ನಮ್ಮಲ್ಲಿ ರೋಗ ತಡವಾಗಿ ಪತ್ತೆಯಾಗುವುದರಿಂದ ಅನೇಕರಿಗೆ ರೇಡಿಯೇಷನ್ ಬೇಕಾಗುತ್ತದೆ, ಅಂಥವರಿಗೆ ಸ್ವಂತ ಅಂಗಾಂಶದ ವಿಧಾನಗಳು ಇಂಪ್ಲಾಂಟಿಗಿಂತ ಹೆಚ್ಚು ತಾಳುತ್ತವೆ. ಯಾವ ಕಾರಣಕ್ಕೂ ಪುನರ್ರಚನೆಯಿಂದಾಗಿ ಕೀಮೋ ತಡವಾಗಬಾರದು. ಗಾಯ ಮಾಗದೆ ಹೋದರೆ ಏನು ಮಾಡುತ್ತೀರೆಂದು ಮೊದಲೇ ಕೇಳಿ.

ಎಲ್ಲಿಗೆ ಹೋಗಬೇಕು, ಹಣ ಹೇಗೆ

ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಇದೆ, ಅದು ನ್ಯಾಯವಾದ ಕೂಗು. ಸದ್ಯಕ್ಕೆ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯನ್ನೂ ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಯನ್ನೂ ಮೊದಲ ಪರೀಕ್ಷೆಗೆ, ಶಿಫಾರಸು ಪತ್ರಕ್ಕೆ, ನಂತರದ ಗಾಯದ ಆರೈಕೆಗೆ ಬಳಸಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಬೆಳಗಾವಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಗೋವಾದ ಬಾಂಬೋಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಇವು ನಮ್ಮವರು ಹೋಗುವ ಊರುಗಳು, ಆಸ್ಪತ್ರೆಗಳು. ಎಲ್ಲಿಗೆ ಹೋದರೂ ಕ್ಯಾನ್ಸರ್ ಸರ್ಜನ್ ಮತ್ತು ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಅಲ್ಲಿ ಒಟ್ಟಾಗಿ ಕೆಲಸ ಮಾಡುತ್ತಾರೆಯೇ, ಕಳೆದ ವರ್ಷ ಎಷ್ಟು ಪುನರ್ರಚನೆ ಮಾಡಿದ್ದಾರೆ, ಎಷ್ಟು ವಿಫಲವಾಗಿವೆ ಎಂದು ನೇರವಾಗಿ ಕೇಳಿ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಕಾರವಾರದವರಿಗೆ ಬಾಂಬೋಳಿ ಹತ್ತಿರವಾದರೂ, 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕವಿದೆ.

ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಈ ಯೋಜನೆಯ ಕೆಲಸ ನೋಡಿಕೊಳ್ಳುವ, ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ, ಸ್ತನ ತೆಗೆಯುವುದಕ್ಕೆ ಮಾತ್ರ ಮಂಜೂರಾತಿ ಕೇಳಿದ್ದಾರೆಯೇ ಅಥವಾ ಪುನರ್ರಚನೆಯ ಪ್ಯಾಕೇಜ್ ಕೂಡ ಸೇರಿದೆಯೇ, ಇಂಪ್ಲಾಂಟಿನ ಬೆಲೆ ಯಾರು ಕೊಡಬೇಕು ಎಂಬುದನ್ನು ದಾಖಲಾಗುವ ಮೊದಲೇ ಕೇಳಿ ಬರೆಸಿಕೊಳ್ಳಿ. ಸಹಕಾರಿ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯಲ್ಲಿ ನೋಂದಾಯಿಸಿದ್ದರೆ ಅದರ ಪಟ್ಟಿಯನ್ನೂ ಸಂಘದ ಕಚೇರಿಯಲ್ಲಿ ನೋಡಬೇಕು.

ಖಾಸಗಿ ಆರೋಗ್ಯ ವಿಮೆ ಇದ್ದವರು ಒಂದು ಮಾತನ್ನು ಖಚಿತವಾಗಿ ತಿಳಿದಿರಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ಏಕರೂಪದ ನಿಬಂಧನೆಯಲ್ಲಿ ಸೌಂದರ್ಯ ಅಥವಾ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಗೆ ಪರಿಹಾರವಿಲ್ಲ ಎಂದಿದ್ದರೂ, ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ರಚನೆಯನ್ನು ಆ ನಿಷೇಧದಿಂದ ಹೊರಗಿಡಲಾಗಿದೆ. ಪಾಲಿಸಿಯಲ್ಲಿ ಅದು ಎಕ್ಸ್‌ಕ್ಲೂಷನ್ 08 ಎಂಬ ಸಂಕೇತದಡಿ ಸಿಗುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಪುನರ್ರಚನೆ’ ಎಂದೇ ವೈದ್ಯರಿಂದ ಬರೆಸಿ. ಕಂಪನಿ ಆಮೇಲೂ ನಿರಾಕರಿಸಿದರೆ ಲಿಖಿತ ಉತ್ತರ ಪಡೆದು, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಪ್ರಯಾಣಕ್ಕೆ ರಾಜ್ಯದೊಳಗೆ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿದೆ. ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಯ ಪ್ರಯಾಣದಲ್ಲಿ ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ. 75 ರಿಯಾಯಿತಿ ಉಂಟು. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ಪಡೆದಿರಬೇಕು. ಕರಾವಳಿಯವರಿಗೆ ಕೊಂಕಣ ರೈಲು ಈ ಕಾರಣಕ್ಕೆ ದೊಡ್ಡ ಅನುಕೂಲ.

ಮೊದಲು ಮತ್ತು ನಂತರ

ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲು ತಂಬಾಕನ್ನು ಪೂರ್ತಿ ಬಿಡಬೇಕು. ಕವಳದಲ್ಲಿ ಸೇರಿಸುವ ಹೊಗೆಸೊಪ್ಪೂ ತಂಬಾಕೇ. ಅದರ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಸದಾಗಿ ಕೂರಿಸಿದ ಚರ್ಮ ಬದುಕುವುದು ಆ ನಾಳಗಳಿಂದಲೇ. ನಮ್ಮ ಹಿರಿಯ ಹೆಂಗಸರು ಬೀಡಿ ಸಿಗರೇಟಿನ ಪ್ರಶ್ನೆಗೆ ಇಲ್ಲವೆಂದು ಹೇಳಿ ಕವಳದ ಮಾತು ಎತ್ತುವುದೇ ಇಲ್ಲ, ಹಾಗಾಗಿ ಜೊತೆಯಲ್ಲಿ ಹೋದವರಾದರೂ ಇದನ್ನು ವೈದ್ಯರಿಗೆ ಹೇಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಸ್ತನ ಕ್ಯಾನ್ಸರಿಗೆ ಕೊಡುವ ಹಾರ್ಮೋನು ತಡೆಯುವ ಟಾಮೋಕ್ಸಿಫೆನ್ ಮಾತ್ರೆ ನುಂಗುತ್ತಿದ್ದರೆ ತಿಳಿಸಿ, ಅದು ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ; ನಿಲ್ಲಿಸುವುದು ಬಿಡುವುದು ಅವರ ನಿರ್ಧಾರ.

ಬಿಡುಗಡೆಯಾದೊಡನೆ ಘಟ್ಟ ಹತ್ತಿ ಊರಿಗೆ ಹೊರಡಬೇಡಿ. ಗಾಯದ ನೀರು ಹೊರಹೋಗಲು ಇಟ್ಟ ನಳಿಕೆ (ಡ್ರೈನ್) ತೆಗೆಯುವವರೆಗಾದರೂ ಆಸ್ಪತ್ರೆಯ ಸಮೀಪ ಉಳಿಯಲು ವ್ಯವಸ್ಥೆ ಮಾಡಿಕೊಳ್ಳಿ. ಹೊರಡುವ ಮೊದಲು ವಾರ್ಡಿನ ಅಥವಾ ತಂಡದ ವೈದ್ಯರ ಫೋನ್ ನಂಬರ್ ಪಡೆದಿರಿ. ಕೂರಿಸಿದ ಚರ್ಮ ಕಪ್ಪಾದರೆ, ನೀಲಿಗಟ್ಟಿದರೆ, ತಣ್ಣಗಾದರೆ, ಜ್ವರ ಬಂದು ಗಾಯ ಕೆಂಪಾದರೆ, ಕೀವು ಸೋರಿದರೆ ಫೋಟೊ ಕಳಿಸಿ, ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ. ಮೀನಖಂಡದಲ್ಲಿ ದಿಢೀರ್ ನೋವು ಬಾವು, ಉಸಿರಾಟದ ತೊಂದರೆ ಕಂಡರೆ ಅದು ತುರ್ತು, 108 ಕರೆಯಿರಿ. ಗಾಯ ಪೂರ್ತಿ ಮಾಗುವವರೆಗೆ ಸಮುದ್ರದ ನೀರು, ಹೊಳೆ, ಗದ್ದೆಯ ಕೆಸರು ಬೇಡ. ಕಂಕುಳ ಗಂಟುಗಳನ್ನು ತೆಗೆದಿದ್ದರೆ ಆ ಬದಿಯ ಕೈಗೆ ಬಾವು ಬರುವ ಅಪಾಯ ಮುಂದೆಯೂ ಇರುತ್ತದೆ. ಮೀನು ಕೊಯ್ಯುವಾಗ, ತೋಟದಲ್ಲಿ ಕೆಲಸ ಮಾಡುವಾಗ ಗ್ಲೌಸ್ ಹಾಕಿ, ಸಣ್ಣ ಗಾಯವನ್ನೂ ತೊಳೆದು ಔಷಧ ಹಚ್ಚಿ. ತೋಳಿನ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟ್ ಹೇಳಿದ ಕ್ರಮದಲ್ಲಿ ಮಾಡಿ.

ಶಸ್ತ್ರಚಿಕಿತ್ಸೆ ಬೇಡವೆಂದವರಿಗೆ ಬ್ರಾ ಒಳಗಿಡುವ ಸಿಲಿಕೋನ್ ಕೃತಕ ಸ್ತನ ಸಿಗುತ್ತದೆ. ಕರಾವಳಿಯ ಏಪ್ರಿಲ್, ಮೇ ತಿಂಗಳ ಬೆವರಿನಲ್ಲಿ ಅದರಿಂದ ಚರ್ಮ ಬೊಕ್ಕೆಯೇಳುವುದುಂಟು. ಹಗುರವಾದ, ಹತ್ತಿನೂಲಿನಲ್ಲಿ ಹೆಣೆದದ್ದು ಹೆಚ್ಚು ಹಿತ. ಸ್ವಯಂಸೇವಕರ ಗುಂಪುಗಳು ಇಂಥವನ್ನು ಹೆಣೆದು ಉಚಿತವಾಗಿ ಕೊಡುತ್ತವೆ, ಕ್ಯಾನ್ಸರ್ ಆಸ್ಪತ್ರೆಯ ಆಪ್ತಸಲಹಾ ವಿಭಾಗದಲ್ಲಿ ವಿಚಾರಿಸಿ. ಮಳೆಗಾಲದಲ್ಲಿ ಬೇಗ ಒಣಗದಿರುವುದರಿಂದ ಎರಡು ಜೊತೆ ಇಟ್ಟುಕೊಳ್ಳಬೇಕು. ರವಿಕೆ ತೊಡದೆ ಸೀರೆ ಉಡುವ ಹಾಲಕ್ಕಿ ಸಮುದಾಯದ ಹಿರಿಯ ಮಹಿಳೆಯರಿಗೆ ಬ್ರಾ ಒಳಗಿನ ಯಾವ ಸಾಧನವೂ ಉಪಯೋಗಕ್ಕೆ ಬಾರದು. ‘ವಯಸ್ಸಾಯಿತು, ಇವರಿಗೇಕೆ’ ಎಂದು ಅವರ ಪರವಾಗಿ ಬೇರೆಯವರು ತೀರ್ಮಾನಿಸುವುದು ತಪ್ಪು. ವಯಸ್ಸೊಂದೇ ಪುನರ್ರಚನೆಗೆ ಅಡ್ಡಿಯಲ್ಲ, ಅವರನ್ನೇ ಕೇಳಬೇಕು.

ಸ್ತನ ತೆಗೆಸಿ ವರ್ಷಗಳು ಕಳೆದವರಿಗೂ ಪುನರ್ರಚನೆ ಸಾಧ್ಯ. ರೇಡಿಯೇಷನ್ ಆಗಿದ್ದರೆ ಚರ್ಮ ಸುಧಾರಿಸಲು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಾಯುತ್ತಾರೆ. ಇನ್ನೊಂದು ಸ್ತನದ ಹೊಸ ಮ್ಯಾಮೊಗ್ರಾಂ, ಮೊದಲಿನ ಶಸ್ತ್ರಚಿಕಿತ್ಸೆಯ ವಿವರ, ಬಯಾಪ್ಸಿ ವರದಿ, ಕೀಮೋ ಮತ್ತು ರೇಡಿಯೇಷನ್ ಪಟ್ಟಿ ಇವನ್ನು ಒಟ್ಟುಮಾಡಿಕೊಂಡು ಪ್ಲಾಸ್ಟಿಕ್ ಸರ್ಜನ್ ಬಳಿಗೆ ಹೋಗಿ. ಕಾಗದ ಕಳೆದಿದ್ದರೆ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ. 2002ರ ವೈದ್ಯಕೀಯ ನಿಯಮಾವಳಿಯ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಒದಗಿಸಬೇಕು. ಒಳರೋಗಿಗಳ ದಾಖಲೆಯನ್ನು ಕಾಯ್ದಿಡಬೇಕಾದ ಕಡ್ಡಾಯ ಅವಧಿ ಆ ನಿಯಮದಲ್ಲಿ ಮೂರೇ ವರ್ಷ, ಆದ್ದರಿಂದ ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಪುನರ್ರಚನೆಯ ವಿಚಾರ ಇನ್ನೂ ಮನಸ್ಸಿನಲ್ಲಿ ಇಲ್ಲದಿದ್ದರೂ, ಎಲ್ಲ ಪ್ರತಿಗಳನ್ನು ಈಗಲೇ ಪಡೆದು ಮನೆಯಲ್ಲಿ ತೇವ ತಾಗದ ಕಡೆ ಇಟ್ಟುಕೊಳ್ಳಬೇಕು.